ಜೋಮು ಪಟ್ಟಿ

ಬಿಳಿಗುಡ್ಡದ ವಾಯುನೆಲೆಯ ಹೊಲಿಗೆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು: ಹೊಲಿದವರೇ ಮೊದಲು ತೊಡಬೇಕು. ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಪ್ಯಾರಾಚೂಟಿನ ಕಾಲದಿಂದ ಬಂದದ್ದು. ನೀನು ಮಡಚಿದ ಪ್ಯಾರಾಚೂಟನ್ನು ಕಟ್ಟಿಕೊಂಡು ಹಾರಲು ನಿನಗೇ ಧೈರ್ಯವಿಲ್ಲದಿದ್ದರೆ ಅದನ್ನು ಇನ್ನೊಬ್ಬನ ಬೆನ್ನಿಗೆ ಕಟ್ಟಬೇಡ ಎಂದು ಮೇಸ್ತ್ರಿ ಮೌಲಾಸಾಬರು ಹೇಳುತ್ತಿದ್ದರು. ಅವರಿಗೆ ಅವರ ಉಸ್ತಾದರು ಹೇಳಿದ್ದರಂತೆ.

ಹಾಗಾಗಿ ಎಂಟು ತಿಂಗಳ ಹಿಂದೆ ಸ್ಥೈರ್ಯ ಪಟ್ಟಿಗಳು ಬಂದಾಗಲೂ ಹೊಲಿಗೆಯ ಹೆಂಗಸರು ಅವನ್ನು ತಮ್ಮ ಕೊರಳಿಗೆ ಹಾಕಿಕೊಂಡೇ ನೋಡಿದರು. ಜೊತೆಗೆ ಬಂದ ಪುಸ್ತಕದಲ್ಲಿ ಪರೀಕ್ಷೆಗೆ ಬೇರೆ ವಿಧಾನ ಬರೆದಿತ್ತು. ಮನುಷ್ಯನ ಕತ್ತಿನ ಆಕಾರದ ಹಿತ್ತಾಳೆಯ ಕಂಬವೊಂದನ್ನೂ ಕಳಿಸಿದ್ದರು. ಮೌಲಾಸಾಬರು ಅದನ್ನು ಮೂಲೆಗೆ ನಿಲ್ಲಿಸಿ ಮೇಲೆ ತಮ್ಮ ಟೊಪ್ಪಿಗೆ ನೇತುಹಾಕುತ್ತಿದ್ದರು. "ಕಂಬಕ್ಕೇನ್ ಜೀವ ಐತಿ, ಚುಚ್ಚಿದ್ರ ಹೇಳಾಕ?" ಎನ್ನುತ್ತಿದ್ದರು.

ಪಟ್ಟಿ ನೋಡಲು ಸಾದಾ ಇತ್ತು. ಎರಡು ಬೆರಳಗಲದ ಕಪ್ಪು ಬಟ್ಟೆ, ಒಳಮೈಯಲ್ಲಿ ಬೆಳ್ಳಿಯ ಲೇಪವಿದ್ದ ದಾರದಿಂದ ಹೊಲಿದ ಹನ್ನೆರಡು ಚುಕ್ಕಿ. ಕತ್ತಿನ ಪಕ್ಕದಲ್ಲಿ ಇಳಿಯುವ ಒಂದು ನರಕ್ಕೆ ಆ ಚುಕ್ಕಿಗಳು ಸಣ್ಣಗೆ ವಿದ್ಯುತ್ತನ್ನು ಮುಟ್ಟಿಸುತ್ತಿದ್ದವು. ಆಗ ಎದೆ ಹೊಡೆದುಕೊಳ್ಳುವುದಿಲ್ಲ, ಅಂಗೈ ಬೆವರುವುದಿಲ್ಲ, ಮೊಣಕಾಲು ಅದುರುವುದಿಲ್ಲ. ಅಪಾಯದ ಸುದ್ದಿ ಮಿದುಳಿಗೆ ಮುಟ್ಟುತ್ತದೆ, ಮೈ ಮಾತ್ರ ಏಳುವುದಿಲ್ಲ. ಹೊಸದಾಗಿ ವಿಮಾನ ಹಾರಿಸಲು ಕಲಿಯುವ ಕೆಡೆಟ್‌ಗಳಿಗೆಂದು ಮಾಡಿದ್ದು. ಕಡತಗಳಲ್ಲಿ ಅದು ಸ್ಥೈರ್ಯ ಪಟ್ಟಿ. ಹೊಲಿಗೆಯ ಹೆಂಗಸರಿಗೆ ಅದು ಜೋಮು ಪಟ್ಟಿ. ಕಾಲು ಮಡಚಿ ಕೂತು ಎದ್ದಾಗ ಕಾಲು ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಎದೆಯೊಳಗೆ.

ಕೆಡೆಟ್‌ಗಳ ಬೆವರಿಗೆ ಬೆಳ್ಳಿ ದಾರ ಕಪ್ಪಾಗುತ್ತಿತ್ತು. ಪ್ರತಿ ಹಾರಾಟದ ನಂತರ ಪಟ್ಟಿಗಳು ವಾಪಸು ಬರುತ್ತಿದ್ದವು, ಸತ್ತ ಚುಕ್ಕಿಗಳನ್ನು ಬಿಚ್ಚಿ ಮತ್ತೆ ಹೊಲಿಯಬೇಕಿತ್ತು. ಚುಕ್ಕಿ ಹೊಲಿಯುವುದರಲ್ಲಿ ಕಸ್ತೂರಿಯ ಕೈ ಎಲ್ಲರಿಗಿಂತ ಸೂಕ್ಷ್ಮ. ದಿನಕ್ಕೆ ಹದಿನೈದು ಪಟ್ಟಿ ಅವಳ ಮೇಜಿಗೇ ಬರುತ್ತಿದ್ದವು, ಉಳಿದವರಿಗೆ ಒಂದೋ ಎರಡೋ. ಹದಿನೈದನ್ನೂ ಹತ್ತು ಹತ್ತು ನಿಮಿಷ ಕೊರಳಲ್ಲಿಟ್ಟುಕೊಂಡು, ಹನ್ನೆರಡು ಚುಕ್ಕಿಯೂ ಮಾತಾಡುತ್ತವೆಯೇ ಎಂದು ಬೆರಳಿಂದ ಒತ್ತಿ ನೋಡಿ, ಚೀಟಿಯ ಮೇಲೆ ಹೆಸರು ಬರೆಯುತ್ತಿದ್ದಳು.

ಅವಳಿಗೆ ಇಪ್ಪತ್ನಾಲ್ಕು. ಎಂಟನೆಯ ತರಗತಿಯಲ್ಲಿ ಮಾಸ್ತರರು ಎದ್ದು ನಿಂತು ಓದು ಅಂದಾಗ ನಾಲಗೆ ಏಳದೆ, ಪುಸ್ತಕ ಹಿಡಿದ ಕೈ ನಡುಗಿ, ತರಗತಿಯೆಲ್ಲ ನಕ್ಕಿತ್ತು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಮದುವೆಯಾಗಿ ನೆಲೆಯ ಕೆಲಸಕ್ಕೆ ಸೇರಿದ ಮೇಲೂ ಸಂಜೆ ಬಸ್ಸಿನಲ್ಲಿ "ನಿಲ್ಲಸ್ರಿ" ಎಂದು ಕಂಡಕ್ಟರನಿಗೆ ಹೇಳಲಾರದೆ, ತನ್ನೂರಿನವರು ಯಾರಾದರೂ ಇಳಿಯುವರೇ ಎಂದು ಕಾಯುತ್ತಿದ್ದಳು. ಯಾರೂ ಇಲ್ಲದ ದಿನ ಮುಂದಿನ ಊರಿಗೆ ಹೋಗಿ ನಡೆದು ಬರುತ್ತಿದ್ದಳು. ಪಟ್ಟಿ ಬಂದ ಎರಡನೆಯ ತಿಂಗಳಲ್ಲಿ ಒಂದು ದಿನ ಅವಳ ಬಾಯಿಂದ "ನಿಲ್ಲಸ್ರಿ" ತಾನಾಗಿ ಬಂತು. ಕಂಡಕ್ಟರನೇ ತಿರುಗಿ ನೋಡಿದ. ಅವಳಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಲಿಲ್ಲ ಎಂಬುದೂ ಆಗ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ಬಂದದ್ದು ಪಟ್ಟಿ ಬಂದು ಆರು ತಿಂಗಳಾದ ಮೇಲೆ, ಒಂದು ಭಾನುವಾರ.

ಅವಳದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಗೆ ಅಂಚುಗೋಡೆಯಿಲ್ಲ. ಗಂಡ ಲಾರಿಯ ಮೇಲೆ ಹೋದರೆ ತಿಂಗಳಿಗೊಮ್ಮೆ ಬರುವವನು. ಅತ್ತೆ ಶಾಂತವ್ವ ಕೆಳಗೆ ಎಮ್ಮೆ ತೊಳೆಯುತ್ತಿದ್ದಳು. ಕಸ್ತೂರಿ ಮೇಲೆ ಸೀರೆ ಹಾಸಿ ಶಾವಿಗೆ ಒಣಹಾಕುತ್ತಿದ್ದಳು. ಮೂರು ವರ್ಷದ ಮಗಳು ನಿಂಗೂ ಒಂದು ಗುಬ್ಬಿಯ ಬೆನ್ನು ಹತ್ತಿ ಅಂಚಿನ ಕಡೆ ನಡೆದಳು. ಕಸ್ತೂರಿ ನೋಡಿದಳು. ಎದ್ದಳು ಕೂಡ. ಕೈಯಲ್ಲಿದ್ದ ಶಾವಿಗೆಯ ಎಳೆಯನ್ನು ತುಂಡಾಗದಂತೆ ಸೀರೆಯ ಮೇಲಿಟ್ಟು, ಅವಸರವಿಲ್ಲದೆ ನಡೆದಳು. ಅವಳು ಅರ್ಧ ದಾರಿ ತಲುಪುವಷ್ಟರಲ್ಲಿ ಮಗು ಇರಲಿಲ್ಲ.

ಕೆಳಗೆ ಜೋಳದ ಕಣಿಕೆಯ ಬಣವೆಯಿತ್ತು. ಕೂಸಿನ ಎಡಗೈ ಮುರಿಯಿತು, ಜೀವ ಉಳಿಯಿತು. ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದ ಸೊಸೆಯ ಮುಖವನ್ನು ಶಾಂತವ್ವ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ.

"ನಿನಗೇನಾಗ್ಯದ ಬೇ? ಕೂಸು ಬಿದ್ರ ಚೀರಬಾರದ? ನಕ್ಕರ ನಗಿ ಇಲ್ಲ, ಅತ್ತರ ಅಳು ಇಲ್ಲ. ಎದಿಯೊಳಗ ಏನ್ ಇಟ್ಕೊಂಡಿ, ಕಲ್ಲೋ ಹೆಂಟಿಯೋ?"

ಅಂದಿನಿಂದ ಶಾಂತವ್ವ ಮಗುವನ್ನು ಸೊಸೆಯ ಕೈಗೆ ಕೊಡುವುದನ್ನು ಬಿಟ್ಟಳು. ಏಣಿಯನ್ನು ಮಲಗಿಸಿ ಹಗ್ಗದಿಂದ ಕಂಬಕ್ಕೆ ಕಟ್ಟಿದಳು. ಊಟ ಮಾಡಿಸುವುದು, ಮಲಗಿಸುವುದು ಎಲ್ಲ ಅವಳೇ. ಕಸ್ತೂರಿ ಕೈ ಚಾಚಿದರೆ, "ಇರಲಿ, ನೀ ದಣದಿರ್ತಿ" ಎಂದು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸುತ್ತಿದ್ದಳು. ಕಸ್ತೂರಿಗೆ ಅದು ಸರಿ ಎಂದೇ ತಿಳಿದಿತ್ತು. ನೋವಾಗಬೇಕಿತ್ತು ಎಂಬುದೂ ತಿಳಿದಿತ್ತು.

*

ಇಂಚಗೇರಿ ಸಾಹೇಬರು ಹೊಲಿಗೆ ವಿಭಾಗಕ್ಕೆ ಬಂದದ್ದು ಅದಾಗಿ ಎರಡು ತಿಂಗಳಿಗೆ, ಒಂದು ಬುಧವಾರ ಬೆಳಗ್ಗೆ.

ನಿವೃತ್ತ ವಿಂಗ್ ಕಮಾಂಡರ್ ಸಂಗನಬಸಪ್ಪ ಇಂಚಗೇರಿ ಎಪ್ಪತ್ತೊಂದು ವರ್ಷದವರು. ಇದೇ ನೆಲೆಯಲ್ಲಿ ಹಾರಲು ಕಲಿತು, ಹತ್ತೊಂಬತ್ತು ವರ್ಷ ಯುದ್ಧವಿಮಾನ ಹಾರಿಸಿ, ಆಮೇಲೆ ಇಲ್ಲಿಯೇ ಕಲಿಸಿದವರು. ಆ ವರ್ಷ ಮೂವರು ಕೆಡೆಟ್‌ಗಳು ಸತ್ತಿದ್ದರು. ವಿಚಾರಣೆಯ ಮಂಡಳಿಯ ಮೂವರು ಸದಸ್ಯರಲ್ಲಿ ಒಬ್ಬರಾಗಿ ಅವರನ್ನು ಕರೆಸಿದ್ದರು. ಉಳಿದಿಬ್ಬರು ಪರದೆಯ ಮುಂದೆ ಕೂತರೆ ಈ ಮುದುಕರು ಹ್ಯಾಂಗರು, ಅಡುಗೆಮನೆ, ಎಣ್ಣೆ ಹಾಕುವವರು ಎಂದು ತಿರುಗುತ್ತಿದ್ದರು.

ಅಂದು ಮೂರು ಪಟ್ಟಿಗಳನ್ನು ಕಾಗದದ ಲಕೋಟೆಗಳಲ್ಲಿ ತಂದಿದ್ದರು. ಸತ್ತವರ ಪಟ್ಟಿಗಳು. ಒಂದು ಅಂಚಿನಲ್ಲಿ ಸುಟ್ಟಿತ್ತು.

"ಮೇಸ್ತ್ರಿ, ಇವನ್ನ ಬಿಚ್ಚಿಸಿ ನೋಡಬೇಕಾಗ್ಯದ. ಹೊಲಿಗಿ ತಪ್ಪಿತ್ತೋ ಏನೋ."

ಮೌಲಾಸಾಬರ ಮುಖ ಬಿಗಿಯಿತು. "ನಮ್ಮಲ್ಲಿ ಹೊಲಿಗಿ ತಪ್ಪಂಗಿಲ್ರಿ ಸಾಹೇಬ್ರ. ಕಸ್ತೂರಿ, ನೋಡವಾ."

ಕಸ್ತೂರಿ ಸೂಜಿಯ ಮೊನೆಯಿಂದ ಒಳಪದರ ಬಿಚ್ಚತೊಡಗಿದಳು. ಸಾಹೇಬರು ಗಿಡ್ಡ ಸ್ಟೂಲಿನ ಮೇಲೆ ಕೂತರು. ಕೂರುವಾಗ ಸೊಂಟ ಹಿಡಿದು, "ಅವ್ವಾ" ಎಂದರು.

"ಬೀಳೂ ವಿಮಾನದಾಗಿಂದ ಎರಡ ಸಲ ಕುರ್ಚಿ ಸಿಡಿಸಿಕೊಂಡು ಹೊರಗ ಬಂದೀನ್ರಿ. ಒಂದ ಸಲಕ್ಕ ಬೆನ್ನೆಲುಬು ಅರ್ಧ ಬಟ್ಟು ಕುಗ್ಗತದ. ಲಗ್ನದಾಗ ನನ್ನ ಹೇಣ್ತಿ ನನ್ನ ಭುಜಕ್ಕ ಬರತಿದ್ಲು. ಈಗ ಕಣ್ಣಾಗ ಕಣ್ಣಿಟ್ಟು ಬೈತಾಳ."

ಹೆಂಗಸರೆಲ್ಲ ನಕ್ಕರು. ಕಸ್ತೂರಿ ಚುಕ್ಕಿ ಎಣಿಸುತ್ತಿದ್ದಳು. ಸಾಹೇಬರು ಅವಳ ಕಡೆ ಒಮ್ಮೆ ನೋಡಿದರು.

ಮೌಲಾಸಾಬರು ಚಹಾ ತರಿಸಿ, ಹಳೆಯ ವಿಮಾನಗಳು ಚಲೋ ಇದ್ದುವೋ ಈಗಿನವೋ ಎಂದು ಮಾತು ತೆಗೆದರು.

"ಹಳೇವು ಮುದಿ ಅತ್ತಿ ಇದ್ದಂಗ್ರೀ. ಗೊಣಗತಿದ್ದುವು, ನಡಗತಿದ್ದುವು. ಕೂತ ಕುರ್ಚಿಯೊಳಗಿಂದ ಬೈಗಳ ಮ್ಯಾಲ ಬರತಿತ್ತು. ಬೀಳೂಕ್ಕಿಂತ ಮೊದಲ ಹತ್ತ ಸಲ ಹೇಳತಿದ್ದುವು. ಈಗಿನವು ಕಲತ ಸೊಸಿ. ಕಡೀತನಾ ಬಾಯಿ ಬಿಡಂಗಿಲ್ಲ. ಅದಕ್ಕ ವಿಮಾನ ಹೇಳದ್ದು ಹಾರಸಾವಗ ತಾನಾಗೇ ತಿಳೀಬೇಕು. ಅಂಜಿಕಿಯಿಂದ ತಿಳಿತದ್ರಿ ಅದು. ಅಂಜಿಕೀನೂ ಒಂದು ಗಡಿಯಾರ. ವ್ಯಾಳ್ಯಾ ಮುಗೀತು ಅಂತ ಹೇಳೂದು ಅದೊಂದೇ." ಚಹಾ ಆರಿಸಿಕೊಂಡು ಮುಂದುವರಿದರು. "ನಾನೂ ಮೊದಲ ತಪ್ಪ ಕಲಿಸೀನಿ. ಮುಂದ ಕೂತ ಹುಡುಗಗ ಬರೇ 'ಅಂಜಬ್ಯಾಡೋ, ಅಂಜಬ್ಯಾಡೋ' ಅಂತಿದ್ದೆ. ಎರಡನೇ ಸಲ ಬಿದ್ದಾಗ ಅಂಜಿ ಕುರ್ಚಿ ಸಿಡಿಸೂ ಹಿಡಿಕಿ ಎಳದು ನಾ ಉಳದೆ. ಅಂವ ನನ್ನ ಮಾತ ಕೇಳಿದ, ಎಳೀಲಿಲ್ಲ."

ಹೊಲಿಗೆ ಯಂತ್ರವೊಂದು ಒಂದು ಗೇಣು ಹೊಲಿದು ನಿಂತಿತು.

"ಹನ್ನೆರಡೂ ಜೀವಂತ ಅದಾವ್ರಿ. ಮೂರರಾಗೂ," ಎಂದಳು ಕಸ್ತೂರಿ.

"ಅದೇ ಅಂದ್ಕೊಂಡಿದ್ದೆ," ಎಂದು ಸಾಹೇಬರು ಜೇಬಿನಿಂದ ಸಣ್ಣ ಯಂತ್ರವೊಂದನ್ನು ತೆಗೆದರು. ಕಡೆಗೆ ಸತ್ತ ಕೆಡೆಟ್‌ನ ಧ್ವನಿ ಅದರಲ್ಲಿತ್ತು. ತಿರುವಿನಲ್ಲಿ ಹಕ್ಕಿ ಬಡಿದು ಎಂಜಿನ್ ನಿಂತಿತ್ತು. ಕುರ್ಚಿ ಸಿಡಿಸಿಕೊಂಡು ಹೊರಬರಲು ಹನ್ನೊಂದು ಸೆಕೆಂಡು ಇದ್ದವು. ಎರಡೇ ಸಾಕಿತ್ತು. "ಅವನ ಕೈ ಹಿಡಿಕಿ ಮ್ಯಾಲೇ ಇತ್ರಿ. ಎಳದಿಲ್ಲ. ಕೇಳ್ರಿ."

ಧ್ವನಿ ಎಳೆಯದು, ಸ್ಪಷ್ಟವಾಗಿತ್ತು. ಅಂಗಡಿಯಲ್ಲಿ ತೂಕ ಓದಿ ಹೇಳುವವನಂತೆ. ಎಂಟುನೂರು ಅಡಿ. ಆರುನೂರು. ಎಂಜಿನ್ ಇಲ್ಲ. ನಾನೂರು. ಹೊರಬರಬೇಕು. ಇನ್ನೂರೈವತ್ತು. ಹೊರಬರಬೇಕು. ನೂರು.

ಒಬ್ಬಾಕೆ ಸೆರಗು ಬಾಯಿಗೊತ್ತಿ ಹೊರಗೆ ಹೋದಳು. ಮೌಲಾಸಾಬರು ಕಣ್ಣು ಮುಚ್ಚಿದ್ದರು. ಕಸ್ತೂರಿ ದಾರ ಕತ್ತರಿಸಿ ಹೇಳಿದಳು: "ಅಂವ ನನ್ನಂಗ ಮಾತಾಡ್ಯಾನ್ರಿ."

"ಏನಂದಿ?"

"ಶಾವಿಗಿ ಇಟ್ಟು ಎದ್ದಾಗ ನನ್ನೊಳಗೂ ಹಿಂಗಽ ಇತ್ತು. ಬೀಳತಾಳ, ಹಿಡೀಬೇಕು. ಬೀಳತಾಳ, ಹಿಡೀಬೇಕು. ಗೊತ್ತಿತ್ರಿ."

ಸಾಹೇಬರು ಅವಳಿಂದ ಎಲ್ಲವನ್ನೂ ಕೇಳಿ ತಿಳಿದರು. ಕೇಳಿದ್ದಕ್ಕಷ್ಟೇ ಅವಳು ಉತ್ತರ ಹೇಳಿದಳು. ಪಟ್ಟಿಯನ್ನು ತಾನೂ ತೊಡುತ್ತೇನೆ ಎಂದಾಗ ಅವರು ಚಹಾದ ಲೋಟವನ್ನು ನೆಲಕ್ಕಿಟ್ಟರು. ಪೈಲಟನೊಬ್ಬ ಇನ್ನೊಬ್ಬ ಪೈಲಟನನ್ನು ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು: "ನಿನ್ನ ತಾಸು ಎಷ್ಟವಾ?"

ದಿನಕ್ಕೆ ಎರಡೂವರೆ ತಾಸು, ತಿಂಗಳಿಗೆ ಇಪ್ಪತ್ತೈದು ದಿನ, ಎಂಟು ತಿಂಗಳು. ಬೆರಳ ಗೆಣ್ಣುಗಳ ಮೇಲೆ ಅವಳು ಲೆಕ್ಕ ಹಾಕಿದಳು. "ಐನೂರು ಆಗತದ್ರಿ."

"ಸತ್ತ ಮೂವರದು ತೊಂಬತ್ತರ ಸುತ್ತಮುತ್ತ. ಉಳದ ಕೆಡೆಟ್‌ಗಳದು ನಲವತ್ತು ದಾಟಿಲ್ಲ." ಸಾಹೇಬರ ಧ್ವನಿ ತಗ್ಗಿತು. "ಪಟ್ಟಿ ತಗದ ಇಪ್ಪತ್ತು ನಿಮಿಷಕ್ಕ ಜೋಮು ಇಳೀತದ ಅಂತ ಪುಸ್ತಕದಾಗ ಅದ. ಮೂವತ್ತು ದಿವಸ ನೋಡಿ ಬರದಾರ. ಅದು ಪೂರಾ ಇಳಿಯಂಗಿಲ್ಲ. ತಳದಾಗ ಉಳಕೋತ ಹೋಗತದ. ಈ ನೆಲಿಯೊಳಗ ಎಲ್ಲಾರಕಿಂತ ಹಿರೇ ಪೈಲಟ್ ನೀನಽ ಅದಿ."

ಶನಿವಾರ ಒಂದು ಆಜ್ಞೆಗೆ ನೆಲೆಯ ಮುಖ್ಯಸ್ಥರ ಸಹಿಯಾಗಲಿತ್ತು. ಸೋಮವಾರದಿಂದ ಹೊಸ ತಂಡದ ಹತ್ತೊಂಬತ್ತು ಕೆಡೆಟ್‌ಗಳು ಒಂಟಿ ಹಾರಾಟ ಶುರುಮಾಡುವವರು. ಅವರು ಪಟ್ಟಿಯನ್ನು ಹಾರಾಟದಲ್ಲಷ್ಟೇ ಅಲ್ಲ, ಎಚ್ಚರವಿರುವಷ್ಟು ಹೊತ್ತೂ ತೊಡಬೇಕು ಎಂದು ಆಜ್ಞೆ. ಮಂಡಳಿಯಲ್ಲಿ ಅದು ಬೇಡ ಎನ್ನುವವರು ಇಂಚಗೇರಿಯವರೊಬ್ಬರೇ.

"ಮಂಡಳಿ ಮುಂದ ಬಂದು ಹೇಳ್ತಿಯೇನವಾ?"

ಕಸ್ತೂರಿ ಮೌಲಾಸಾಬರ ಕಡೆ ನೋಡಿದಳು. ಅವರು ಮೂಲೆಯ ಹಿತ್ತಾಳೆ ಕಂಬವನ್ನು ನೋಡುತ್ತಿದ್ದರು.

*

ಮೌಲಾಸಾಬರ ನಿವೃತ್ತಿಗೆ ಮೂರು ತಿಂಗಳಿತ್ತು. ನಲವತ್ತು ವರ್ಷದಲ್ಲಿ ಅವರ ಹೆಸರಿಗೆ ಒಂದು ಕಪ್ಪು ಚುಕ್ಕಿಯೂ ಇರಲಿಲ್ಲ. ಪುಸ್ತಕದ ವಿಧಾನ ಬಿಟ್ಟು ಹೆಂಗಸರ ಕೊರಳಿಗೆ ಪಟ್ಟಿ ಹಾಕಿಸಿದರೆಂದು ತಿಳಿದರೆ ಮೊದಲು ಕೆಡುವ ಹೆಸರು ಅವರದೇ.

ಗುರುವಾರ ಅವರು ಕಂಬದ ಮೇಲಿನ ಟೊಪ್ಪಿಗೆ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಮಾಡಿ ನಡುಮೇಜಿನ ಮೇಲಿಟ್ಟರು. ಶುಕ್ರವಾರ ಮಧ್ಯಾಹ್ನ ಉಳಿದವರು ಬುತ್ತಿಗೆ ಕೂತಾಗ ಕಸ್ತೂರಿಯ ಮೇಜಿನ ಬಳಿ ಬಂದು ನಿಂತರು.

"ಹೇಳಬ್ಯಾಡ ಅನ್ನಾಕ ನನಗ ಬಾಯಿಲ್ಲ ಬೇಟಿ. ಹೇಳು ಅನ್ನಾಕೂ ಬಾಯಿ ಬರವಲ್ದು. ಉಸ್ತಾದ್ ಕಲಿಸಿದ್ದು ಚಲೋದು ಅಂತ ಮಾಡಿದೆ. ನನ್ನ ಕೈಲೆ ನಿಮ್ಮ ಕೊರಳಿಗೆ ಕಟ್ಟಿದೆ."

"ನಿಮಗ ತ್ರಾಸ ಆಗತದ್ರಿ ಚಾಚಾ."

"ಆಗಲಿ. ನಿನಗ ನನ್ನ ಮ್ಯಾಲ ಸಿಟ್ಟು ಬರಂಗಿಲ್ಲೇನು?"

ಅವಳು ಹುಡುಕಿ ನೋಡಿದಳು. ಇರುವ ಜಾಗ ಗೊತ್ತಿತ್ತು, ವಸ್ತು ಇರಲಿಲ್ಲ. "ಬರಬೇಕಾಗಿತ್ರಿ," ಎಂದಳು.

ಮೌಲಾಸಾಬರು ತಿರುಗಿ ಹೋದರು. ತಾನು ಬಯ್ದಿದ್ದರೆ ಅವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಅವರ ಬೆನ್ನು ನೋಡಿ ಅವಳಿಗೆ ತಿಳಿಯಿತು.

ಆ ಸಂಜೆ ಬಸ್ಸಿನ ಕಿಟಕಿಯಿಂದ ಅಧಿಕಾರಿಗಳ ವಸತಿಯ ಬಳಿ ನೆಲೆಯ ಮುಖ್ಯಸ್ಥ ಏರ್ ಕಮೋಡೋರ್ ಅಡ್ಯಂತಾಯರು ಕಂಡರು. ಮೊಮ್ಮಗಳು ಅವರ ಹೆಗಲ ಮೇಲೆ ಕೂತು ಅವರ ಕೂದಲನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಅವರು ಕುದುರೆಯಂತೆ ನಡೆಯುತ್ತಿದ್ದರು. ಮನೆಗೆ ಬಂದಾಗ ನಿಂಗೂ ಬಲಗೈಯಿಂದ ರೊಟ್ಟಿ ಮುರಿಯುತ್ತಿದ್ದಳು. ಎಡಗೈಯ ಸಿಮೆಂಟು ಪಟ್ಟಿ ಆ ವಾರವಷ್ಟೇ ತೆಗೆದಿದ್ದರು, ತೋಳು ಬಿಳಿಚಿ ಸಣ್ಣದಾಗಿತ್ತು. ಕಸ್ತೂರಿ ಹತ್ತಿರ ಕೂತಳು. ಶಾಂತವ್ವ ತಟ್ಟೆಯನ್ನೂ ಮಗುವನ್ನೂ ಒಂದು ಮಾರು ಆಚೆ ಸರಿಸಿದಳು.

*

ಶನಿವಾರ ಹನ್ನೊಂದು ಗಂಟೆಗೆ ವಿಚಾರಣೆಯ ಕೋಣೆಯಲ್ಲಿ ಕಸ್ತೂರಿ, ಮೌಲಾಸಾಬರೂ ಸೇರಿ ಎಂಟು ಜನರಿದ್ದರು. ಗೋಡೆಯ ತುಂಬ ಪರದೆ. ಅದರ ಮೇಲೆ ಕೆಡೆಟ್‌ಗಳ ಎದೆಬಡಿತದ ಹಸಿರು ಗೆರೆಗಳು, ಎಲ್ಲವೂ ನೇಯ್ದ ಬಟ್ಟೆಯ ಎಳೆಗಳಂತೆ ಸಮ.

ಅಡ್ಯಂತಾಯರು ಎತ್ತರದವರು, ಮೆಲು ಮಾತಿನವರು, ಕರಾವಳಿಯ ಕಡೆಯವರು. "ಇಂಚಗೇರಿ ಸರ್, ನಿಮ್ಮ ಅನುಭವದ ಬಗ್ಗೆ ನನಗೆ ಗೌರವ ಉಂಟು. ಆದರೆ ನಾನು ಬಂದ ವರ್ಷ ಇಲ್ಲಿ ಹನ್ನೊಂದು ಮಕ್ಕಳು ಹೋದ್ರು. ಹೆದರಿ ಕೈ ಸೆಟೆದು ಹೋದವರು. ಹನ್ನೊಂದು ಮನೆಗೆ ನಾನೇ ಹೋಗಿ ಬಂದಿದ್ದೇನೆ. ಪಟ್ಟಿ ಬಂದ ಮೇಲೆ ಮೂರು. ಹನ್ನೊಂದು ಮೂರಾದದ್ದನ್ನು ನಾನು ಹೇಗೆ ನಿಲ್ಲಿಸಲಿ?"

"ಆ ಮೂವರು ಅಂಜಬುರುಕರಲ್ರಿ. ಎಲ್ಲಾರಕಿಂತ ಚಲೋ ಹಾರತಿದ್ದವರು, ಎಲ್ಲಾರಕಿಂತ ಹೆಚ್ಚು ತಾಸು ಪಟ್ಟಿ ತೊಟ್ಟವರು. ಈಗ ಹತ್ತೊಂಬತ್ತು ಮಂದಿಗೆ ದಿನಾಪೂರ್ತಿ ಕಟ್ಟಾಕ ಹೊಂಟೀರಿ." ಇಂಚಗೇರಿಯವರು ಮೇಜಿನ ಮೇಲೆ ಕೈಯೂರಿದರು. "ನಮ್ಮ ಕಾಲಕ್ಕ ಬಿದ್ದು ರಿಪೇರಿ ಆದ ವಿಮಾನ ಬಂತಂದ್ರ ಮೊದಲ ಹಾರಸಾವ ಕಮಾಂಡರ್. ಅದಕ್ಕ ಕೆಳಗಿನವರು ಅವನ ಹಿಂದ ಹೋಗತಿದ್ರು. ಹೊಲಿಗಿ ಕೋಣ್ಯಾಗ ಆ ಪದ್ಧತಿ ಇನ್ನೂ ಅದ. ಇಲ್ಲಿ ಇಲ್ಲ. ನೀವು ಇದನ್ನ ತೊಟ್ಟು ನೋಡೀರೇನು?"

ಅಡ್ಯಂತಾಯರ ಮುಖದಲ್ಲಿ ಸಿಟ್ಟು ಬರಲಿಲ್ಲ, ಸಣ್ಣ ನಾಚಿಕೆ ಬಂತು. "ಇಲ್ಲ," ಎಂದರು. "ತೊಡುವುದಕ್ಕೇನು? ಕೊಡಿ."

ಕಟ್ಟುವ ಕೆಲಸ ಕಸ್ತೂರಿಯದಾಯಿತು. ಅವರ ಕುರ್ಚಿಯ ಹಿಂದೆ ನಿಂತು, ಬಿಳಿ ಕೂದಲನ್ನು ಸರಿಸಿ, ಪಟ್ಟಿ ಬಿಗಿದು, ಹನ್ನೆರಡು ಚುಕ್ಕಿಯನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಅವರ ಕತ್ತು ಬೆಚ್ಚಗಿತ್ತು. ಹತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಮೌಲಾಸಾಬರು ಯಾರೂ ಕೇಳದೆಯೇ ಎದ್ದು ನಿಂತು, ಪದ್ಧತಿಯ ವಿಷಯ, ಕಂಬದ ವಿಷಯ, ತಮ್ಮ ತಪ್ಪು ಎಲ್ಲ ಹೇಳಿ ಕೂತರು. ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು.

ಆಮೇಲೆ ಕಸ್ತೂರಿ ನಿಂತಳು. ಎಂಟನೆಯ ತರಗತಿಯಲ್ಲಿ ನಿಂತಂತೆಯೇ, ಕೈಯಲ್ಲಿ ಪುಸ್ತಕ ಮಾತ್ರ ಇರಲಿಲ್ಲ. ನಾಲಗೆ ಅಂಟಿಕೊಳ್ಳಲಿಲ್ಲ.

"ನನ್ನ ಮಗಳಿಗೆ ಮೂರು ವರ್ಷರಿ. ಮಾಳಗಿ ಮ್ಯಾಲ ಇದ್ವಿ. ಅಂಚಿಗೆ ಗ್ವಾಡಿ ಇಲ್ಲ. ಗುಬ್ಬಿ ಹಿಡೀತೀನಂತ ಹೊಂಟಳು. ಅಂಚಿಗೆ ಆರ ಹೆಜ್ಜಿ ಇತ್ತು. ನಾ ನೋಡಿದೆ. ಶಾವಿಗಿ ಕೆಳಗಿಟ್ಟೆ. ಎದ್ದೆ. ನಾಕ ಹೆಜ್ಜಿ ಇತ್ತು. ಹಿಡೀಬೇಕು ಅಂತ ಗೊತ್ತಿತ್ತು. ಅಕಿ ಒಮ್ಮೆ ಹೊಳ್ಳಿ ನನ್ನ ನೋಡಿದಳು, ನಕ್ಕಳು. ಮೂರ ಹೆಜ್ಜಿ ಇತ್ತು. ಓಡಿದ್ರ ಸಿಗತಿದ್ದಳು. ನಾ ನಡದೆ. ಎರಡ ಹೆಜ್ಜಿ. ಹಿಡೀಬೇಕು ಅಂತ ಗೊತ್ತಿತ್ತು. ಗುಬ್ಬಿ ಹಾರಿತು. ಒಂದ ಹೆಜ್ಜಿ."

ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು "ಅಯ್ಯೋ" ಎಂದು ಎದ್ದುಬಿಟ್ಟಳು, ಪೆನ್ನು ಉರುಳಿ ಕೆಳಗೆ ಬಿತ್ತು. ಮಂಡಳಿಯ ಇನ್ನೊಬ್ಬ ಸದಸ್ಯರ ಕೈ ಗಾಳಿಯಲ್ಲಿ ಮುಂದೆ ಚಾಚಿತ್ತು, ಏನನ್ನೋ ಹಿಡಿಯುವಂತೆ. ವೈದ್ಯಾಧಿಕಾರಿ ಕುರ್ಚಿಯ ತುದಿಗೆ ಬಂದಿದ್ದರು. ಆ ಕೋಣೆಯಲ್ಲಿ ಇಬ್ಬರು ಮಾತ್ರ ಇದ್ದ ಹಾಗೇ ಇದ್ದರು. ಒಬ್ಬಳು ಕಸ್ತೂರಿ. ಇನ್ನೊಬ್ಬರು ಅಡ್ಯಂತಾಯರು.

ಅವರು ಬೆನ್ನು ಆನಿಸಿ, ಬೆರಳು ಹೆಣೆದು ಕೂತಿದ್ದರು. ಮೆಲ್ಲಗೆ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದರು. ಊಟಕ್ಕೆ ಕೂತ ಪಂಕ್ತಿಯಲ್ಲಿ ತನ್ನ ಎಲೆಗೆ ಮಾತ್ರ ಏನೋ ಬಡಿಸಿಲ್ಲ ಎಂದು ಕಂಡವರಂತೆ.

"ಮಗು?" ಎಂದು ವೈದ್ಯಾಧಿಕಾರಿ ಕೇಳಿದರು.

"ಅದಾಳ್ರಿ. ಕೈ ಮುರದಿತ್ತು."

"ನನ್ನ ಮೊಮ್ಮಗಳಿಗೂ ಮೂರು ವರ್ಷ," ಎಂದರು ಅಡ್ಯಂತಾಯರು. ಧ್ವನಿ ಸ್ಪಷ್ಟವಾಗಿತ್ತು, ತೂಕ ಓದಿದಂತಿತ್ತು. "ನೀನು ಹೇಳುವಾಗ ಅವಳ ನೆನಪಾಯಿತು. ಆ ಅಂಚಿನಲ್ಲಿ ಅವಳೇ ಕಂಡಳು. ಬೀಳ್ತಾಳೆ ಅಂತ ಗೊತ್ತಾಯಿತು." ಸ್ವಲ್ಪ ತಡೆದರು. "ಗೊತ್ತಾಯಿತು. ಅಷ್ಟೇ."

ಅವರು ಪಟ್ಟಿ ಬಿಚ್ಚಲು ಕೈ ಹಿಂದೆ ಚಾಚಿದರು, ಗುಂಡಿ ಸಿಗಲಿಲ್ಲ. ಕಸ್ತೂರಿಯೇ ಹೋಗಿ ಬಿಚ್ಚಿದಳು.

"ಪುಸ್ತಕದಾಗ ಇಪ್ಪತ್ತು ನಿಮಿಷ ಅಂತದ," ಎಂದರು ಇಂಚಗೇರಿ. "ಕಾಯೋಣು."

ಕಾದರು. ಹೊರಗೆ ವಿಮಾನವೊಂದು ಎಂಜಿನ್ ಪರೀಕ್ಷೆಗೆ ಗುಂಯ್‌ಗುಟ್ಟಿ ನಿಂತಿತು. ಸಹಿ ಹಾಕಬೇಕಾದ ಕಾಗದ ಅಡ್ಯಂತಾಯರ ಮುಂದಿತ್ತು, ಅದರ ಪಕ್ಕದಲ್ಲಿ ನೀರಿನ ಲೋಟ. ಹದಿನೇಳನೆಯ ನಿಮಿಷಕ್ಕೋ ಹದಿನೆಂಟಕ್ಕೋ ಅವರು ಲೋಟಕ್ಕೆ ಕೈ ಹಾಕಿದರು. ನೀರು ಅಂಚಿನವರೆಗೆ ಬಂದು ಅಲುಗಿತು. ಲೋಟ ಕೆಳಗಿಟ್ಟರು. ಕೈ ನಿಲ್ಲಲಿಲ್ಲ. ಇನ್ನೊಂದು ಕೈಯಿಂದ ಹಿಡಿದುಕೊಂಡರು, ಅದೂ ನಡುಗಿತು. ಆಮೇಲೆ ನಲವತ್ತು ಸಾವಿರ ಅಡಿಯಿಂದ ಇಳಿದವರಂತೆ ಒಂದು ಉಸಿರು ಬಿಟ್ಟು, ಬಾಯಿ ಒರೆಸಿಕೊಂಡು, ಮನೆಗೆ ಫೋನು ಹಚ್ಚಿದರು. "ಮಗು ಎಲ್ಲುಂಟು?... ಇಲ್ಲ, ಏನಿಲ್ಲ. ಸುಮ್ಮನೆ. ಎಲ್ಲುಂಟು ಹೇಳು."

ಕಸ್ತೂರಿ ಆ ನಡುಗುವ ಕೈಯನ್ನು ನೋಡುತ್ತ ನಿಂತಿದ್ದಳು. ಹತ್ತು ನಿಮಿಷದ ಜೋಮು ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ಐನೂರು ತಾಸಿನದು ಎಷ್ಟು ದಿನಕ್ಕೆ ಎಂದು ಗೆಣ್ಣಿನ ಮೇಲೆ ಲೆಕ್ಕ ಹಾಕಲು ಅವಳಿಗೆ ಬರಲಿಲ್ಲ.

ಕಾಗದಕ್ಕೆ ಸಹಿ ಬೀಳಲಿಲ್ಲ.

*

ಪಟ್ಟಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮರುಪರೀಕ್ಷೆಗೆಂದು ಕಳಿಸಿದರು. ಹತ್ತೊಂಬತ್ತು ಕೆಡೆಟ್‌ಗಳು ಬರಿಗೊರಳಲ್ಲಿ ಹಾರಿದರು. ಇಬ್ಬರು ಹೆದರಿ ಹಾರಾಟವನ್ನೇ ಬಿಟ್ಟು ಮನೆಗೆ ಹೋದರು. ಅದೂ ಒಂದು ಪಾಠವೇ ಎಂದು ಇಂಚಗೇರಿ ಸಾಹೇಬರು ಹೇಳಿ ಹೋದರಂತೆ. ಮೌಲಾಸಾಬರಿಗೆ ಒಂದು ನೋಟಿಸು ಬಂತು. ಅದನ್ನು ನಾಲ್ಕು ಮಡಿಕೆ ಮಡಚಿ ಟೊಪ್ಪಿಗೆಯೊಳಗಿಟ್ಟುಕೊಂಡು ಅವರು ನಿವೃತ್ತರಾದರು. ನೆಲೆಯ ವೈದ್ಯರು ಕಸ್ತೂರಿಯನ್ನು ವಾರಕ್ಕೊಮ್ಮೆ ಕೂರಿಸಿ, ಬೆಳಕು ಹಾಕಿ, ಸದ್ದು ಮಾಡಿ ನೋಡುತ್ತಿದ್ದರು. "ಇಷ್ಟು ತಾಸು ಯಾರಿಗೂ ಆಗಿಲ್ಲಮ್ಮ, ನಮಗೂ ಗೊತ್ತಿಲ್ಲ" ಎನ್ನುತ್ತಿದ್ದರು. ಅವಳು ಕೆಡೆಟ್‌ಗಳ ಕೈಚೀಲ ಹೊಲಿಯುತ್ತಿದ್ದಳು. ಬರುತ್ತಿದ್ದಳು, ಹೋಗುತ್ತಿದ್ದಳು. ಎದೆಯೊಳಗೆ ಏನೂ ಇರಲಿಲ್ಲ.

ಪಟ್ಟಿ ಬಿಟ್ಟ ಐದನೆಯ ತಿಂಗಳು. ಸಂಜೆಯ ಬಸ್ಸಿನಲ್ಲಿ ಅವಳೂರಿನವರು ಯಾರೂ ಇರಲಿಲ್ಲ. ಹೊಸ ಕಂಡಕ್ಟರ್, ದಪ್ಪ ಮೀಸೆಯವನು, ಚಿಲ್ಲರೆಗಾಗಿ ಯಾರನ್ನೋ ಬಯ್ಯುತ್ತಿದ್ದ. ಬೇವಿನ ಮರ ಕಂಡಿತು, ಇಳಿಯಬೇಕು. ಕಸ್ತೂರಿ ಬಾಯಿ ತೆರೆದಳು.

ಧ್ವನಿ ಬರಲಿಲ್ಲ.

ನಾಲಗೆ ಅಂಗುಳಕ್ಕೆ ಅಂಟಿತ್ತು. ಎಲ್ಲರೂ ತಿರುಗಿ ನೋಡುತ್ತಾರೆ ಅನ್ನಿಸಿತು. ಅನ್ನಿಸಿತು. ಅಂಗೈ ಒದ್ದೆಯಾಗಿತ್ತು. ಕಾಲು ಮಡಚಿ ಕೂತೆದ್ದಾಗ ಇರುವೆ ಹರಿದಂತೆ ಆಗುತ್ತದಲ್ಲ, ಹಾಗೆ ಎದೆಯ ಎಡಬದಿಯಲ್ಲಿ ಚುಚ್ಚತೊಡಗಿತು. ಬೇವಿನ ಮರ ಹಿಂದೆ ಹೋಯಿತು. ಅವಳು ಮುಂದಿನ ಊರಿನಲ್ಲಿ, ಎಲ್ಲರ ಜೊತೆ, ತಲೆ ತಗ್ಗಿಸಿ ಇಳಿದಳು. ಕರಿನೆಲದ ದಾರಿಯಲ್ಲಿ ಎರಡು ಮೈಲಿ, ಎದೆಯ ಮೇಲೆ ಕೈಯಿಟ್ಟುಕೊಂಡು, ತುಂಬಿದ ಕೊಡ ಚೆಲ್ಲದಂತೆ ಹೊತ್ತು ತರುವವಳ ಹಾಗೆ ನಡೆದು ಬಂದಳು.

ಶಾಂತವ್ವ ಹೊಸ್ತಿಲಲ್ಲಿ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. "ಯಾಕ ಇಷ್ಟ ತಡ?"

"ಬಸ್ ಮುಂದ ಹೋತ್ರಿ."

"ನಿಲ್ಲಸು ಅನ್ನಬೇಕಿಲ್ಲ?"

ಕಸ್ತೂರಿ ನೆಲ ನೋಡಿದಳು. "ಕಂಡಕ್ಟರಗ ಹೇಳಾಕ... ಅಂಜಿಕಿ ಬಂತ್ರಿ ಅತ್ತಿ."

ಶಾಂತವ್ವ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ದೀಪದ ಬತ್ತಿ ಹತ್ತಿತೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಮಗುವನ್ನು ಸೊಂಟದಿಂದ ತೆಗೆದು ಅವಳ ಕೈಗೆ ಕೊಟ್ಟಳು.